ತೂಗದ ಸೊಪ್ಪು

ಫೆಬ್ರವರಿ 10, ಸೋಮವಾರ. ಬೆಳಿಗ್ಗೆ

ಹುಳದ ಮನೆ ತೊಳೆದು ಮುಗಿಯಿತು. ಬ್ಲೀಚಿಂಗ್ ಪೌಡರಿಗೆ ಬೆರಳ ಸಂದಿಯೆಲ್ಲ ಉರಿ. ಕಾಫಿಯಲ್ಲೂ ಅದೇ ವಾಸನೆ. ಸ್ಟ್ಯಾಂಡುಗಳಿಗೆ ಸುಣ್ಣ ಬಳಿಯೋದು ಬಾಕಿ. ಅತ್ತೆ ಬಾಗಿಲಲ್ಲಿ ನಿಂತು ಈ ಮೂಲೆ ಬಿಟ್ಟೆ, ಆ ಮೂಲೆ ಬಿಟ್ಟೆ ಅಂತ ಬೆರಳು ತೋರಿಸಿದರು. ಪೊರಕೆ ಅವರ ಕೈಗೇ ಕೊಡೋಣ ಅನ್ನಿಸಿತು. ಕೊಡಲಿಲ್ಲ.

ರಾಮನಗರದಲ್ಲಿ ರೇಷ್ಮೆ ಗೂಡಿನ ರೇಟು ಏರುತ್ತಲೇ ಇದೆ. ಹಾಲಿನ ಡೈರಿಯಲ್ಲಿ ನಿನ್ನೆಯೂ ಅದೇ ಮಾತು, ಕೆಜಿಗೆ ಏಳುನೂರು ದಾಟಿತಂತೆ. ಹೊಂಗನೂರಿನಿಂದ ಹಿಡಿದು ನಮ್ಮೂರಿನವರೆಗೆ ಎಲ್ಲರೂ ಚಾಕಿ ಸೆಂಟರಿಗೆ ಫೋನ್ ಮಾಡೋದೇ. ಮರಿ ಹುಳ ಸಿಕ್ಕರೆ ಸಾಕು ಅಂತ ಕಾಯುತ್ತಿದ್ದಾರೆ.

ನಮ್ಮ ಯಜಮಾನರದ್ದು ಬೇರೆ ರಾಗ. ಬೆಂಗಳೂರಿನ ಲಾನ್ ಹುಲ್ಲಿನ ಪಾರ್ಟಿ ಮತ್ತೆ ಬಂದಿತ್ತು. ಹಿಪ್ಪುನೇರಳೆ ಕಿತ್ತು ಹಾಕಿ ಭೂಮಿ ಕೊಟ್ಟರೆ ವರ್ಷಕ್ಕಿಷ್ಟು ಅಂತ ಗುತ್ತಿಗೆ. ಟೇಪು ಹಿಡಿದು ಅಳೆದೂ ಹೋದರು. ದೊಡ್ಡ ಮನುಷ್ಯರ ಮನೆ ಮುಂದೆ ಹಾಸೋಕೆ ಹುಲ್ಲು ಬೆಳೀಬೇಕಂತೆ ನಾವು. ದನಕ್ಕೂ ಹಾಕೋ ಹಾಗಿಲ್ಲ, ಥೂ. ಇವರು ಫ್ಯಾಕ್ಟರಿ ಶೂ ಬಿಚ್ಚುತ್ತಾ ಹೇಳಿದ್ದು ಇಷ್ಟು: “ಇದೊಂದು ಬೆಳೆ ನೋಡ್ತೀನಿ ಲತಾ. ಲಾಭ ತೋರ್ಸು, ತೋಟ ಇರ್ಲಿ. ಇಲ್ದಿದ್ರೆ ಹುಲ್ಲಿನವ್ರಿಗೆ ಕೊಟ್ಬುಡಾಣ.”

ತೋರಿಸ್ತೀನಿ. ಅಪ್ಪ ತಿಪ್ಪಸಂದ್ರದಿಂದ ಕಡ್ಡಿ ಕಡಿದು, ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಬಂದು ನೆಟ್ಟುಕೊಟ್ಟ ತೋಟ ಅದು. ನನಗೂ ರಾಧಾಳಿಗೂ, ಇಬ್ಬರಿಗೂ. ಅಕ್ಕ ತಂಗಿ ಒಂದೇ ಊರಿಗೆ ಬಂದದ್ದಕ್ಕೆ ಒಂದೇ ಓಡಾಟದಲ್ಲಿ ಎರಡು ತೋಟ ಆಯ್ತು ಅಂತ ಸಾಯುವವರೆಗೂ ನಗುತ್ತಿದ್ದ.

ಇನ್ನೂರು ಮೊಟ್ಟೆಗೆ ಹೇಳಿದ್ದೇನೆ, ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟದ್ದಷ್ಟೂ. ನನ್ನ ತೋಟ ಸಾಕಾಗೋದು ನೂರಕ್ಕೆ. ಉಳಿದ ನೂರಕ್ಕೆ ರಾಧಾಳ ತೋಟ. ಮೂರು ವರ್ಷದಿಂದ ಹೀಗೇ ನಡೆದಿದೆ. ನನ್ನ ಬೆಳೆ ಬಂದಾಗ ಎರಡೂ ತೋಟದ ಸೊಪ್ಪು ನನಗೆ, ಮುಂದಿನ ಬೆಳೆ ಅವಳದ್ದು, ಎರಡೂ ಅವಳಿಗೆ. ನಾಟಿಗೆ ಮುಯ್ಯಾಳು ಹೋಗ್ತೀವಲ್ಲ ಹಾಗೆ ಮುಯ್ಯಿ ಸೊಪ್ಪು. ತಕ್ಕಡಿ ಇಲ್ಲ, ರೇಟಿಲ್ಲ. ಕಾರ್ತಿಕದಲ್ಲಿ ಅವಳದ್ದಾಯಿತು, ಈಗ ನನ್ನದು. ಇನ್ನೂರು ತಗೋಳೋಕೆ ನಾನೇ ಹಿಂದೆ ಮುಂದೆ ನೋಡುತ್ತಿದ್ದೆ. ಅವಳೇ ತಗೋ ಅಕ್ಕ, ನಾನಿಲ್ವಾ ಅಂದಳು.

ಸುಣ್ಣ ನೆನೆದಿದೆ. ಏಳಬೇಕು.

ಫೆಬ್ರವರಿ 12, ಬುಧವಾರ. ಸಂಜೆ

ಚಾಕಿ ಬಂತು. ಎರಡನೇ ಜ್ವರ ಎದ್ದ ಹುಳ, ಚುರುಕಾಗಿವೆ. ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ ಸುಚಿತ್ರಾ, ಮೈಸೂರು ಪೇಟೆಯವಳು. ಜ್ವರಕ್ಕೆ ಮಾತ್ರೆ ಏನು ಹಾಕ್ತೀರಿ ಅಂತ ಕೇಳಿದಳು. ಅತ್ತೆಗೆ ನಕ್ಕು ನಕ್ಕು ಕೆಮ್ಮು ಬಂತು. ಪೊರೆ ಬಿಡೋ ಮುಂಚೆ ತಿನ್ನದೆ ತಲೆ ಎತ್ತಿ ಕೂರುತ್ತವೆ ಕಣಮ್ಮ, ಅದಕ್ಕೆ ಜ್ವರ ಅನ್ನೋದು, ನಾಲ್ಕು ಸಲ ಆಗುತ್ತೆ, ನಾಲ್ಕನೆಯದು ಎದ್ದ ಮೇಲೆ ಗೂಡು ಕಟ್ಟೋವರೆಗೆ ಬರೀ ತಿನ್ನೋದೇ ಕೆಲಸ, ಅಂತ ಹೇಳಿಕೊಟ್ಟೆ. ಆಗ ಸೊಪ್ಪು ಕಮ್ಮಿಯಾದರೆ, ಅಂದಳು. ಆದರೆ ಮಾಡಿದ್ದೆಲ್ಲ ಮಣ್ಣು, ಅಂದೆ.

ರಾಧಾ ಬಂದಿದ್ದಳು. ತಟ್ಟೆ ಮೇಲೆ ಬಗ್ಗಿ ನೋಡಿದಳು. “ಇನ್ನೂರೂ ಗೂಡು ಕಟ್ತವೆ ಕಣಕ್ಕ, ನನ್ ಕೈಗುಣ,” ಅಂತ ಮೊದಲ ಹಿಡಿ ಸೊಪ್ಪು ಅವಳೇ ಉದುರಿಸಿದಳು. ಯಾವಾಗಲೂ ಹಾಗೇ ಮಾಡೋದು. ಅವಳ ಹುಳಕ್ಕೆ ನಾನು, ನನ್ನ ಹುಳಕ್ಕೆ ಅವಳು.

ಅಷ್ಟರಲ್ಲಿ ಓಣಿಯಲ್ಲಿ ಮತೀನನ ಗಾಡಿ. ಚನ್ನಪಟ್ಟಣದವನು, ಸೊಪ್ಪಿನ ವ್ಯಾಪಾರ. ಸೊಪ್ಪು ಇದ್ರೆ ಕೊಡಿ ಅಕ್ಕ ಅಂದ. ನಮ್ಮದು ಮಾರೋ ಸೊಪ್ಪಲ್ಲಪ್ಪ ಅಂದೆ. ನಗುತ್ತಾ ಹೋದ. ಅಂಗಡಿಗೆ ಹೋಗಬೇಕು ಅಂತ ರಾಧಾಳೂ ಎದ್ದಳು. ಟೀ ಅರ್ಧಕ್ಕೇ ಬಿಟ್ಟು ಹೋದಳು.

ಇವತ್ತು ನಮ್ಮೂರಿಗೆ ಚಾಕಿ ಗಾಡಿ ಎಷ್ಟು ಸಲ ಬಂತೋ. ಎರಡು ವರ್ಷದಿಂದ ಹುಳ ಬಿಟ್ಟವರೂ ಹುಳದ ಮನೆಯಿಂದ ಹಳೇ ಸೈಕಲ್ಲು, ರಾಗಿ ಮೂಟೆ ಎಲ್ಲ ಈಚೆ ಹಾಕಿದ್ದಾರೆ.

ಫೆಬ್ರವರಿ 17, ಸೋಮವಾರ

ಮೂರನೇ ಜ್ವರ ಎದ್ದವು. ಒಂದೂ ಸಪ್ಪೆಯಾಗಿಲ್ಲ. ಖುಷಿ.

ಚನ್ನಪಟ್ಟಣಕ್ಕೆ ಹೋಗಿದ್ದೆ, ಹುಳದ ಹಾಸಿಗೆಗೆ ಹಾಕೋ ಪೌಡರ್ ತರೋಕೆ. ಬಸ್ಸಿನಲ್ಲಿ ಪೂರ್ತಿ ಸೊಪ್ಪಿನದೇ ಸುದ್ದಿ. ನೂರಿಪ್ಪತ್ತಕ್ಕೆ ಸಿಗುತ್ತಿದ್ದ ಹೊರೆ ಇನ್ನೂರಾಯಿತಂತೆ. ಮುಂದಿನ ಸೀಟಿನ ಹೆಂಗಸು ಕನಕಪುರದ ಕಡೆ ತಮ್ಮನ ಊರಿಗೇ ಹೋಗಿ ಕೇಳಿ ಬಂದಳಂತೆ. ಅಲ್ಲೂ ಇಲ್ಲ. ಅಲ್ಲಿಯವರೂ ಹುಳ ತಂದಿದ್ದಾರೆ.

ಆಗಲೇಬೇಕಲ್ಲ. ಗೂಡಿಗೆ ಏಳುನೂರು ಅಂತ ಎಲ್ಲರಿಗೂ ಒಂದೇ ದಿನ ಗೊತ್ತಾಯಿತು. ಹುಳ ಒಂದು ಫೋನಿಗೆ ಬರುತ್ತೆ. ತೋಟ ಹಾಗೆ ಬರುತ್ತಾ? ಈಗ ನೆಟ್ಟರೆ ಕೈಗೆ ಸೊಪ್ಪು ಬರೋಕೆ ಇನ್ನೊಂದು ವರ್ಷ ಬೇಕು. ಹುಳ ದುಪ್ಪಟ್ಟು, ಸೊಪ್ಪು ಅಷ್ಟೇ. ಮನೆಯಲ್ಲಿ ತುಂಬಿಟ್ಟುಕೊಳ್ಳೋಕೂ ಆಗಲ್ಲ, ಎರಡನೇ ದಿನಕ್ಕೆ ಬಾಡುತ್ತೆ. ಆ ಹೆಂಗಸಿನ ಮುಖ ನೋಡಿ ಪಾಪ ಅನ್ನಿಸಿತು. ನನಗೆ ಸದ್ಯ ಆ ಚಿಂತೆ ಇಲ್ಲ ಅಂತ ಒಳಗೊಳಗೇ ಒಸಿ ಜಂಬವೂ ಆಯಿತು. ಇರಲಿ, ಇಲ್ಲಿ ಬರೆದರೆ ಯಾರು ನೋಡ್ತಾರೆ.

ಬರುವಾಗ ರಾಧಾಳಿಗೆ ಅರ್ಧ ಕೆಜಿ ದ್ರಾಕ್ಷಿ ತಂದೆ. ಮನೆಗೆ ಬೀಗ. ಕಿಟಕಿ ಕಂಬಿಗೆ ಸಿಕ್ಕಿಸಿ ಬಂದೆ.

ಫೆಬ್ರವರಿ 22, ಶನಿವಾರ. ಮಧ್ಯಾಹ್ನ

ನಾಲ್ಕನೇ ಜ್ವರ ಎದ್ದವು. ಈಗ ಶುರು. ಬೆಳಿಗ್ಗೆ ಹಾಕಿದ ಸೊಪ್ಪು ನೋಡನೋಡುತ್ತ ಬರೀ ಕಡ್ಡಿ. ಹುಳದ ಮನೆಯಲ್ಲಿ ಯಾರೋ ಮೊರದಲ್ಲಿ ಅಕ್ಕಿ ಕೇರುವ ಹಾಗೆ ಸದ್ದು. ಕಡ್ಡಿಯೆಲ್ಲ ಅತ್ತೆಯ ಆಡಿಗೆ, ಅದರ ಹೊಟ್ಟೆ ಗುಡಾಣ.

ನನ್ನ ತೋಟ ಮುಕ್ಕಾಲು ಮುಗಿಯಿತು. ಸೋಮವಾರದಿಂದ ರಾಧಾಳದ್ದು ಕೊಯ್ಯಬೇಕು. ಹೇಳಿ ಬರೋಣ ಅಂತ ಹೋಗಿದ್ದೆ. ಸೋಮವಾರ ಬೆಳಿಗ್ಗೆ ಕುಡುಗೋಲು ತರ್ತೀನಿ ಕಣೇ ಅಂದೆ. “ನೋಡಾಣ ಬುಡಕ್ಕ,” ಅಂದಳು. ನೋಡೋದೇನು ಅದರಲ್ಲಿ. ಯಾವಾಗಲೂ ಬೆಳಿಗ್ಗೆ ಬೇಗ ಬಾ, ಇಬ್ನಿ ಇರೋವಾಗ್ಲೇ ಕೊಯ್ಯಾಣ ಅನ್ನೋಳು. ಇವತ್ತು ನನಗೆ ಕುರ್ಚಿ ಹಾಕಿ, ನೆಂಟರ ಲೋಟದಲ್ಲಿ ಟೀ ಕೊಟ್ಟಳು. ಅಡುಗೆ ಮನೆಗೆ ಬಾ ಅನ್ನಲಿಲ್ಲ. ಗಂಡ ಹೆಂಡತಿ ಜಗಳವಾಡಿರಬೇಕು. ಅವಳ ಗಂಡ ನಾಗರಾಜು ನಾನಿರೋವಷ್ಟು ಹೊತ್ತೂ ಫೋನಿನಿಂದ ತಲೆ ಎತ್ತಲಿಲ್ಲ.

ಫೆಬ್ರವರಿ 24, ಸೋಮವಾರ. ಬೆಳಿಗ್ಗೆ 9

ಈಗಲೇ ಬರೀತೀನಿ. ಇಲ್ಲದಿದ್ದರೆ ಯಾರ ಮೇಲಾದರೂ ಕೂಗಾಡಿಬಿಡುತ್ತೇನೆ.

ಕುಡುಗೋಲು, ಗೋಣಿ ಹಿಡಿದು ಹೋದೆ. ತೋಟ ಬೋಳು. ಸಾಲು ಸಾಲು ಬುಡಕ್ಕೆ ಕತ್ತರಿಸಿ ಹಾಕಿದೆ. ಬದುವಿನ ಪಕ್ಕ ಗಾಡಿ ಚಕ್ರದ ಗುರುತು. ಮೂಲೆಯಲ್ಲಿ ನಾಲ್ಕು ಸಾಲು ಮಾತ್ರ ನಿಂತಿವೆ. ನಾಗರಾಜು ನೀರು ಕಟ್ಟುತ್ತಿದ್ದ. ನನ್ನ ನೋಡಿ ಪೈಪು ಕೈಯಿಂದ ಬಿಟ್ಟ. ರಾಧಾ ಹೇಳ್ಲಿಲ್ವಾ ಅಂದ. ಅಷ್ಟೇ ಅಂದು ಆ ಕಡೆ ತಿರುಗಿಕೊಂಡ.

ಅವಳು ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಏನೇ ಇದು ಅಂದೆ. ಸುಲಿಯೋದು ನಿಲ್ಲಿಸಲಿಲ್ಲ.

“ಒಳ್ಳೆ ರೇಟು ಬಂತಕ್ಕ. ಕೊಟ್ಬುಟ್ವಿ.”

ನನ್ನ ಹುಳ ಏನಾಗಬೇಕು ಅಂದೆ. ಇನ್ನೂ ನಿನ್ನ ತೋಟದ್ದು ಐತಲ್ಲ, ಸಾಲದಿದ್ದರೆ ಕೊಂಡುಕೊ, ಎಲ್ಲರೂ ಕೊಂಡುಕೊಳ್ತಾವ್ರೆ ಅಂದಳು. ಯಾರೋ ದಾರಿಯಲ್ಲಿ ಹೋಗೋಳಿಗೆ ಹೇಳಿದ ಹಾಗೆ. ಕಾರ್ತಿಕದಲ್ಲಿ ನನ್ನ ತೋಟ ಬೋಳಿಸಿಕೊಂಡು ಬಂದು ನಿನ್ನ ಹುಳಕ್ಕೆ ಹಾಕಲಿಲ್ವೇನೇ, ಇದು ಮುಯ್ಯಿ ಅಲ್ವೇನೇ, ನೀನೇ ಇನ್ನೂರು ತಗೋ ಅಂದೆಯಲ್ಲೇ ಅಂತ ಒಂದೇ ಉಸಿರಿಗೆ ಕೇಳಿದೆ. ಆಗ ತಲೆ ಎತ್ತಿದಳು.

“ಮುಯ್ಯಿ ಅಂದ್ರೆ ಸಮ ಇರ್ಬೇಕಲ್ಲಕ್ಕ. ನಿಂದು ಮುಕ್ಕಾಲು ಎಕರೆ, ನಂದು ಒಂದೂವರೆ. ನಂದಕ್ಕೆ ಬೋರ್‌ವೆಲ್ ನೀರು. ಮೂರು ವರ್ಷದಿಂದ ನಂದೆಷ್ಟು ಹೋಯ್ತು, ನಿಂದೆಷ್ಟು ಬಂತು, ಯಾವತ್ತಾದ್ರೂ ನೋಡಿದ್ಯಾ? ತೂಗ್ದೆ ಇದ್ದದ್ದು ನಿಂಗೇ ಲಾಭ ಆಗಿತ್ತು.”

ನೀನು ಎಣಿಸ್ತಾ ಇದ್ಯಾ ಅಂದೆ. ಎಣಿಸಬೇಕಾ, ಕಣ್ಣಿಗೆ ಕಾಣಲ್ವಾ ಅಂದಳು.

ಕಣ್ಣಿಗೆ ಕಾಣುತ್ತಿತ್ತಂತೆ. ಮೂರು ವರ್ಷ ಒಟ್ಟಿಗೆ ಕೊಯ್ದಿದ್ದೇವೆ. ಒಂದೇ ಬುತ್ತಿಯಿಂದ ಉಂಡಿದ್ದೇವೆ. ಬಾಯಿ ತುಂಬ ಅಕ್ಕ ಅಕ್ಕ ಅಂದುಕೊಂಡು ನನ್ನ ಹೊರೆ ಕಡೆ ಒಂದು ಕಣ್ಣು, ಅವಳ ಹೊರೆ ಕಡೆ ಒಂದು ಕಣ್ಣು ಇಟ್ಟಿದ್ದಳು. ನನಗೆ ಯಾಕೆ ಕಾಣಲಿಲ್ಲ. ಇದ್ದದ್ದನ್ನು ಆಗಲೇ ಬಾಯಿ ಬಿಟ್ಟು ಹೇಳಬಹುದಿತ್ತಲ್ಲ. ನೂರು ಮೊಟ್ಟೆಗೇ ನಿಲ್ಲಿಸುತ್ತಿದ್ದೆ. ಹುಳ ತಟ್ಟೆಯಲ್ಲಿ ಇಟ್ಟುಕೊಂಡ ಮೇಲೆ ಕೈ ಕೊಟ್ಟಳಲ್ಲ.

ಅದೇ ದಿನ, ಸಂಜೆ

ಇದ್ದ ಸೊಪ್ಪನ್ನೇ ತೆಳ್ಳಗೆ ಹರಡಿದೆ. ಹುಳ ತಿಂದು ಮುಗಿಸಿ ತಟ್ಟೆಯ ಅಂಚಿಗೆ ಬಂದು ತಲೆ ಆಡಿಸುತ್ತವೆ. ನೋಡೋಕಾಗಲಿಲ್ಲ, ಈಚೆ ಬಂದೆ.

ಇವರು ಶಿಫ್ಟ್ ಮುಗಿಸಿ ಬಂದು ಕೇಳಿಸಿಕೊಂಡರು. ಅರ್ಧ ಹುಳ ತಿಪ್ಪೆಗೆ ಸುರಿ, ಇನ್ನರ್ಧ ಉಳಿಸ್ಕೊ, ಅಂದರು. ಲೆಕ್ಕಕ್ಕೆ ಸರಿಯೇ. ಆದರೆ ಯಾವ ಅರ್ಧ? ಎದ್ದು ತಲೆ ಆಡಿಸ್ತಿರೋದನ್ನು ಹೊತ್ತುಕೊಂಡು ಹೋಗಿ ಸುರಿಯೋರು ಯಾರು? ನಾನಂತೂ ಸುರಿಯಲ್ಲ. ಸುರಿದರೆ ತೋಟವೂ ಅದರ ಹಿಂದೆಯೇ ಹೋಗುತ್ತೆ. ನೂರು ಮೊಟ್ಟೆ ಗೂಡಿಗೆ ಇವರು ಲಾಭ ಅನ್ನಲ್ಲ.

ಮತೀನನಿಗೆ ಫೋನ್ ಮಾಡಿದೆ. ಹೊರೆಗೆ ನಾನೂರು ಅಂದ. ಹೋದ ವಾರ ಇನ್ನೂರು ಇತ್ತಲ್ಲೋ, ನಿನಗೆ ದೇವರು ಒಳ್ಳೇದು ಮಾಡ್ತಾನಾ ಅಂದೆ. ಬೇಜಾರು ಮಾಡಿಕೊಳ್ಳಲಿಲ್ಲ.

“ರೇಟು ನಾನ್ ಮಾಡೋದಲ್ಲಕ್ಕ, ಹುಳ ಮಾಡ್ತದೆ. ಎಲ್ಲಾರ್ ಮನೇಲೂ ನಾಲ್ಕನೇ ಜ್ವರ ಎದ್ದೈತೆ. ಇನ್ನೊಂದ್ ವಾರ ಹೋದ್ರೆ ಇದೇ ಸೊಪ್ಪು ಬಿಟ್ಟಿ ಕೊಟ್ರೂ ಬ್ಯಾಡ ಅಂತಾರೆ. ಇವತ್ತು ನಾನೂರಕ್ಕೂ ಮೂರು ಜನ ಕಾಯ್ತಾವ್ರೆ. ಬೇಕಾ ಹೇಳಿ.”

ಬೇಕು ಅಂದೆ. ಹಬ್ಬಕ್ಕೆ ಅಂತ ಇಟ್ಟದ್ದು, ಸಂಘದಲ್ಲಿ ಕೂಡಿಟ್ಟದ್ದು, ಎಲ್ಲ ಅವನಿಗೇ.

ಫೆಬ್ರವರಿ 26, ಬುಧವಾರ. ಶಿವರಾತ್ರಿ

ಅತ್ತೆ ಉಪವಾಸ. ನಾನೂ ಉಪವಾಸವೇ, ಉಣ್ಣೋಕೆ ನೆನಪಾಗದೆ.

ಬೆಳಿಗ್ಗೆ ಮತೀನನ ಗಾಡಿ ಬಂತು. ಹೊರೆ ಇಳಿಸಿದ. ಒಳ್ಳೇ ಸೊಪ್ಪು, ದಪ್ಪ ಎಲೆ, ನೀರುಂಡ ಎಲೆ. ಮೊದಲನೇ ಹೊರೆ ಬಿಚ್ಚೋಕೆ ಗಂಟಿಗೆ ಕೈ ಹಾಕಿದೆ. ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು.

ಕೂತುಬಿಟ್ಟೆ ಅಲ್ಲೇ.

ಈ ಕಡೆಯವರು ಹೊರೆ ಕಟ್ಟೋದು ಬಾಳೆ ಪಟ್ಟೆಯಲ್ಲಿ, ಇಲ್ಲದಿದ್ದರೆ ಗೊಬ್ಬರದ ಚೀಲದ ದಾರದಲ್ಲಿ. ಬಿಚ್ಚೋಕೆ ಚಾಕು ಬೇಕು. ನಮ್ಮವ್ವ ಎಳೇ ಹಿಪ್ಪುನೇರಳೆ ಕಡ್ಡಿಯನ್ನೇ ಹುರಿ ಮಾಡಿ ಸುತ್ತಿ, ತುದಿ ಎಡಗಡೆಗೆ ಒಳಗೆ ಸಿಕ್ಕಿಸುತ್ತಿದ್ದಳು. ಎಷ್ಟು ಹೊತ್ತು ನಡೆದರೂ ಸಡಿಲವಾಗಲ್ಲ, ತುದಿ ಹಿಡಿದು ಎಳೆದರೆ ಬಿಚ್ಚುತ್ತೆ. ತಿಪ್ಪಸಂದ್ರದ ಹಿತ್ತಿಲಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಕಲಿಸಿದ್ದಳು. ರಾಧಾಳಿಗೆ ಬರುತ್ತಲೇ ಇರಲಿಲ್ಲ. ನಾನು ಅವಳ ಬೆರಳು ಹಿಡಿದು ಸಿಕ್ಕಿಸಿ ತೋರಿಸಿದ್ದೆ. ಈ ಊರಿನಲ್ಲಿ ಹೀಗೆ ಕಟ್ಟೋರು ಇಬ್ಬರೇ.

ಎಲ್ಲ ಹೊರೆಗೂ ಅದೇ ಗಂಟು. ನನಗೆ ಬರಬೇಕಾದ ಸೊಪ್ಪು, ಚನ್ನಪಟ್ಟಣದವರೆಗೆ ಸುತ್ತಿಕೊಂಡು ಬಂದು ನನಗೇ ನಾನೂರಕ್ಕೆ.

ಮತೀನನಿಗೆ ಏನೂ ಗೊತ್ತಿಲ್ಲ. ಯಾರ ತೋಟದ್ದು ಅಂದದ್ದಕ್ಕೆ ಮುಚ್ಚುಮರೆ ಇಲ್ಲದೆ ಹೇಳಿದ. ಆವತ್ತು ನಿಮ್ ಮನೆ ಮುಂದೆ ಕೇಳಿದ್ನಲ್ಲಕ್ಕ, ನೀವು ಇಲ್ಲ ಅಂದ್ರಿ, ನಿಮ್ ತಂಗಿ ಓಣಿ ಕೊನೇಲಿ ಗಾಡಿ ನಿಲ್ಲಿಸಿ ಮಾತಾಡಿದ್ರು, ಅಡ್ವಾನ್ಸೂ ಆವತ್ತೇ ಈಸ್ಕೊಂಡ್ರು.

ಆವತ್ತು. ನನ್ನ ಹುಳಕ್ಕೆ ಮೊದಲ ಹಿಡಿ ಸೊಪ್ಪು ಉದುರಿಸಿ, ಕೈಗುಣ ಅಂತ ಹೇಳಿ, ಟೀ ಅರ್ಧಕ್ಕೆ ಬಿಟ್ಟು ಎದ್ದು ಹೋದ ದಿನ. ನಾನು ಕೊಟ್ಟ ದ್ರಾಕ್ಷಿ ಅವಳ ಗಂಟಲಿಗೆ ಅಡ್ಡ ಸಿಕ್ಕಬೇಕಿತ್ತು.

ಹುಳಕ್ಕೇನು ಗೊತ್ತು. ಹಾಕಿದ ತಕ್ಷಣ ಮೇಲೆ ಹತ್ತಿ ತಿನ್ನೋಕೆ ಶುರು. ಎರಡು ದಿನ ಅರೆಹೊಟ್ಟೆ ಇದ್ದವು, ಪಾಪ.

ಮಾರ್ಚ್ 2, ಭಾನುವಾರ

ಹುಳ ಹಣ್ಣಾದವು. ಬೆಳಿಗ್ಗೆಯಿಂದ ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡೋದೇ ಕೆಲಸ. ಆ ಬಿದಿರಿನ ಸುರುಳಿ ಸಾಲದೆ ಬಾಡಿಗೆಗೆ ತಂದೆ. ಅದರ ಬಾಡಿಗೆಯೂ ದುಪ್ಪಟ್ಟು, ಯಾಕೆ ಅಂತ ಕೇಳಲೂ ಇಲ್ಲ. ಊರಲ್ಲೆಲ್ಲ ಇವತ್ತೇ ಹಣ್ಣಾಗಿವೆ.

ಸುಚಿತ್ರಾ ಬಂದು ಆಯ್ದುಕೊಟ್ಟಳು. ಹುಳ ಮುಟ್ಟೋಕೆ ಮೊದಲು ಹೆದರಿದಳು, ಆಮೇಲೆ ಕೈ ಓಡಿತು. ನಾಗರಾಜು ಪ್ರತೀ ಸಲ ಚಂದ್ರಿಕೆ ಹೊರೋಕೆ ಬರೋನು. ಬರಲಿಲ್ಲ. ಬಂದಿದ್ದರೆ ಏನು ಮಾಡುತ್ತಿದ್ದೆನೋ.

ಮಾರ್ಚ್ 7, ಶುಕ್ರವಾರ. ರಾತ್ರಿ ಊಟದ ಮುಂಚೆ

ರಾಮನಗರಕ್ಕೆ ಹೋಗಿ ಬಂದೆ. ಮಾರ್ಕೆಟ್ಟಿನ ಹೊರಗೆ ರಸ್ತೆಯವರೆಗೆ ಗಾಡಿಗಳ ಸಾಲು. ಒಳಗೆ ಕಾಲಿಡೋಕೆ ಜಾಗವಿಲ್ಲ, ಎಲ್ಲಿ ನೋಡಿದರೂ ಗೂಡು. ಒಂದು ತಿಂಗಳ ಹಿಂದೆ ಏಳುನೂರು ಅಂತ ಕೇಳಿ ಯಾರು ಯಾರು ಹುಳ ತಂದಿದ್ದರೋ ಎಲ್ಲರೂ ಇಲ್ಲಿದ್ದರು.

ಹರಾಜಿನಲ್ಲಿ ನನ್ನ ಗೂಡಿಗೆ ಮೊದಲು ಬಂದ ರೇಟು ನಾನೂರ ಹತ್ತು. ಒಪ್ಪಿಗೆ ಇಲ್ಲ ಅಂದೆ. ಎರಡನೇ ಸಲ ಮುನ್ನೂರ ಎಂಬತ್ತು. ಕೂಗಿದವನು ಅನೀಸ್ ಅಂತ, ನೂಲು ಬಿಚ್ಚೋ ಘಟಕ ಇಟ್ಟುಕೊಂಡಿರೋನು. ಹಳೇ ಪರಿಚಯ. ಒಂದು ಗೂಡು ತೆಗೆದು ಕಿವಿ ಹತ್ತಿರ ಅಲ್ಲಾಡಿಸಿದ, ಒತ್ತಿ ನೋಡಿದ. ಗೂಡು ಒಸಿ ತೆಳ್ಳಗಾಗೈತೆ ಅಕ್ಕ, ಕೊನೇಲಿ ಸೊಪ್ಪು ಕಮ್ಮಿ ಬಿದ್ದೈತೆ ಅಂದ. ಗೂಡಿಗೂ ಗೊತ್ತಾಗಿದೆ ನನ್ನ ಮನೆ ವಿಷಯ.

“ಚೆನ್ನಾಗಿದ್ರೂ ಇವತ್ತು ಇಷ್ಟೇ ಬರೋದು. ನಿಮ್ದು ಬುಟ್ರೆ ಪಕ್ಕದಲ್ಲಿ ಇನ್ನೊಬ್ರು ನಂಗೆ ಗೂಡು ಕೊಡ್ತಾರೆ. ನಮ್ಗೂ ಕೆಲ್ಸ ಮಾಡೋಕೆ ಇರೋದು ಎರಡೇ ಕೈ,” ಅಂದ ಅನೀಸ್.

ಕೊಟ್ಟೆ. ವಾಪಸ್ಸು ತಂದು ಮಾಡೋದೇನು, ಗೂಡೊಳಗಿಂದ ಚಿಟ್ಟೆ ತೂತು ಮಾಡಿಕೊಂಡು ಬಂದರೆ ಅದೂ ಇಲ್ಲ.

ಸೊಪ್ಪು, ಚಾಕಿ, ಗಾಡಿ, ಚಂದ್ರಿಕೆ ಎಲ್ಲ ಕಳೆದು ಉಳಿದದ್ದನ್ನು ಇವರ ಮುಂದೆ ಇಟ್ಟೆ. ನಾಗರಾಜು ಹುಳದ ಮುಖ ನೋಡದೆ, ಒಂದು ತಟ್ಟೆ ತೊಳೆಯದೆ ಇದಕ್ಕಿಂತ ಜಾಸ್ತಿ ಮಾಡ್ಕೊಂಡ, ಅಂದರು. ಆಮೇಲೆ ಇನ್ನೊಂದು ಮಾತು: “ರಾಧಾ ಬುದ್ಧಿವಂತೆ ಕಣೆ.”

ನನ್ನ ಗಂಡನ ಬಾಯಲ್ಲಿ. ನನ್ನ ಎದುರಿಗೇ. ಊಟಕ್ಕೆ ಬಡಿಸಿ ಬಂದು ಇದನ್ನು ಬರೆಯುತ್ತೇನೆ ಅಂದುಕೊಂಡೆ. ಬಡಿಸೋದೇ ಬೇಡ ಅನ್ನಿಸಿದೆ. ಹಾಕಿಕೊಂಡು ತಿನ್ನಲಿ.

ಮಾರ್ಚ್ 31, ಸೋಮವಾರ. ಹೊಸತೊಡಕು

ಬಹಳ ದಿನ ಆಯಿತು ಬರೆದು. ಬರೆಯೋಕೆ ಏನಿತ್ತು. ಅವಳ ಬೀದಿಯಲ್ಲಿ ಹೋಗೋದು ಬಿಟ್ಟಿದ್ದೇನೆ. ಡೈರಿಗೆ ಸುತ್ತು ಹಾಕಿಕೊಂಡು ಹೋಗ್ತೀನಿ.

ಯುಗಾದಿ ನಿನ್ನೆ ಆಯಿತು. ಇವತ್ತು ಕೆರೆ ಏರಿ ಮೇಲೆ ಕುರಿ ಕಡಿದು ಮಾಂಸ ಪಾಲು ಮಾಡಿ ಗುಡ್ಡೆ ಹಾಕಿದ್ದರು. ವರ್ಷ ವರ್ಷವೂ ಎರಡು ಮನೆಗೂ ಸೇರಿ ಒಂದೇ ಗುಡ್ಡೆ ತರೋದು. ನಮ್ಮನೆಯಲ್ಲಿ ಸಾರು, ಅವಳ ಮನೆಯಲ್ಲಿ ಮುದ್ದೆ. ಈ ಸಲ ನಾಗರಾಜು ಬೇರೆ ಗುಡ್ಡೆ ಬರೆಸಿದ. ಮಾಂಸ ಹಂಚೋನು ಯಾಕಪ್ಪ ಬೇರೆ ಬೇರೆ ಅಂದನಂತೆ. ಊರಿಗೆಲ್ಲ ಗೊತ್ತಾಯಿತು ಈಗ. ಮನೆಯಲ್ಲಿ ಸಾರು ಮಿಕ್ಕಿಹೋಯಿತು.

ಉಣ್ಣುವಾಗ ಇವರು ಹೊಸ ವಿಷಯ ತೆಗೆದರು. ಹುಲ್ಲಿನವರಿಗೆ ಈಗಲೇ ಬೇಡ ಅಂತ ಹೇಳಿದ್ದಾರಂತೆ. ಒಂದು ಗಳಿಗೆ ಎದೆ ತುಂಬಿ ಬಂತು. ಆಮೇಲೆ ಕಾರಣ ಬಂತು. ತೋಟ ಚೆನ್ನಾಗಿ ಚಿಗುರಿದೆ, ಹುಳ ತರೋದು ಬೇಡ, ಸೊಪ್ಪು ಮಾರಾಣ. ಹೊರೆಗೆ ನಾನೂರು.

ಅಲ್ಲಿಗೆ ತೋಟ ಉಳಿಯಿತು. ಉಳಿಸಿದ್ದು ನಾನಲ್ಲ, ರಾಧಾ.

ಏಪ್ರಿಲ್ 19, ಶನಿವಾರ. ಬೆಳಿಗ್ಗೆ

ತೋಟ ಹಸುರೋ ಹಸುರು. ಈಗ ಕೊಯ್ಯದಿದ್ದರೆ ಎಲೆ ಬಲಿತು ಒರಟಾಗುತ್ತೆ. ಮತೀನನ ಗಾಡಿ ಮೂರು ದಿನದಿಂದ ಓಣಿಯಲ್ಲಿ ನಿಲ್ಲದೇ ಹೋಗುತ್ತಿದೆ. ಇವತ್ತು ಅಡ್ಡ ನಿಂತು ನಿಲ್ಲಿಸಿದೆ. ಗಾಡಿ ತುಂಬ ಎಳನೀರು.

ಸೊಪ್ಪಿನ ವ್ಯಾಪಾರ ಬಿಟ್ಟೆಯಾ ಅಂದೆ. ಯಾರಿಗೆ ಮಾರಲಿ ಅಕ್ಕ ಅಂದ. ಮಾರ್ಚಿನಲ್ಲಿ ಗೂಡಿನ ರೇಟು ಬಿತ್ತಲ್ಲ, ಈಗ ಚಾಕಿ ಕೇಳೋರೇ ಇಲ್ಲವಂತೆ. ಸೊಪ್ಪಿಗೆ ನಾನೂರು ಇತ್ತಲ್ಲ, ಎಲ್ಲರೂ ಇದ್ದಬದ್ದ ಕಡೆ ಗೊಬ್ಬರ ಹಾಕಿ, ನೀರು ಕಟ್ಟಿ, ಸೊಪ್ಪು ಬೆಳೆದು ಕೂತಿದ್ದಾರಂತೆ. ನಮ್ಮ ಯಜಮಾನರಿಗೆ ಬಂದ ಬುದ್ಧಿ ತಾಲ್ಲೂಕಿಗೆಲ್ಲ ಬಂದಿದೆ. ಹೊರೆಗೆ ನಲವತ್ತಕ್ಕೆ ಕೊಡ್ತೀನಿ ಅಂದರೂ ತಗೊಳ್ಳೋರಿಲ್ಲ. ಒಂದು ಎಳನೀರು ಕೊಚ್ಚಿಕೊಟ್ಟು ಹೋದ. ದುಡ್ಡು ಬೇಡ ಅಂದ.

ಇವರಿಗೆ ಹೇಳಿದೆ. ಫೋನ್ ತಗೊಂಡು ಈಚೆ ಹೋದರು. ಹುಲ್ಲಿನವರಿಗೇ ಮಾಡಿರೋದು. ಭಾನುವಾರ ತೋಟ ಕೀಳೋಕೆ ಜೆಸಿಬಿ ಬರುತ್ತಂತೆ, ನಾಳೆಯಲ್ಲ, ಮುಂದಿನ ಭಾನುವಾರ.

ಏಪ್ರಿಲ್ 22, ಮಂಗಳವಾರ

ಸುಚಿತ್ರಾ ಸುದ್ದಿ ತಂದಳು. ಊರಲ್ಲಿ ಹುಳ ಇರೋದು ಒಂದೇ ಮನೆಯಲ್ಲಿ. ರಾಧಾ ಮುನ್ನೂರು ಮೊಟ್ಟೆ ತಂದಿದ್ದಾಳೆ. ಎಲ್ಲರೂ ಬಿಟ್ಟಾಗ ಹಿಡಿದಿದ್ದಾಳೆ. ಅವಳ ಗೂಡು ಮಾರ್ಕೆಟ್ಟಿಗೆ ಹೋಗೋ ಹೊತ್ತಿಗೆ ಬೇರೆ ಯಾರ ಗೂಡೂ ಇರಲ್ಲ. ನೋಡ್ತಿರಿ, ಏಳುನೂರಲ್ಲ, ಎಂಟುನೂರಕ್ಕೆ ಮಾರ್ತಾಳೆ. ಬುದ್ಧಿವಂತೆ. ಈ ಮಾತು ಈಗ ನಾನೂ ಅಂದೆ.

ನಾಲ್ಕನೇ ಜ್ವರ ಎದ್ದಿವೆಯಂತೆ. ಮುನ್ನೂರಕ್ಕೆ ಅವಳ ತೋಟ ಸಾಲೋದಿಲ್ಲ. ಪಕ್ಕದಲ್ಲೇ ಇರೋದು ನನ್ನ ತೋಟ, ಅದೇ ಕಡ್ಡಿ, ಗಾಡಿ ಬಾಡಿಗೆ ಬೇಡ. ಬಂದೇ ಬತ್ತಾಳೆ ಅಂದರು ಅತ್ತೆ.

ಬರಲಿ. ಏನು ಹೇಳಬೇಕು ಅಂತ ತೀರ್ಮಾನ ಮಾಡಿದ್ದೇನೆ. ಜಗಳ ಆಡಲ್ಲ. ಕೊಯ್ಕೊಂಡು ಹೋಗೇ, ಇದು ಮುಯ್ಯಿ ಸೊಪ್ಪು, ನಾನು ತೂಗಲ್ಲ ಅಂತೀನಿ. ಆಗ ಅವಳ ಮುಖ ನೋಡಬೇಕು ನನಗೆ. ಆ ಮುಖ ನೋಡೋಕೆ ಪೂರ್ತಿ ತೋಟ ಬಿಟ್ಟಿ ಹೋದರೂ ಸರಿ, ಭಾನುವಾರ ಹೇಗೂ ಹೋಗೋದೇ. ಬರೀ ಹೊಟ್ಟೆಕಿಚ್ಚಿಗೆ ಹೇಳ್ತಿದ್ದೀನಾ ಅಂತ ಕೇಳಿಕೊಂಡೆ. ಹೊಟ್ಟೆಕಿಚ್ಚೂ ಇದೆ. ಅವಳು ಅಳಲಿ ಅಂತ ಆಸೆಯಿದೆ. ಅತ್ತರೆ ನಾನೂ ಅಳ್ತೀನೇನೋ. ಅತ್ತು ಮುಗಿಸಿ ಮೊದಲಿನ ಹಾಗೆ... ಗೊತ್ತಿಲ್ಲ.

ಏಪ್ರಿಲ್ 24, ಗುರುವಾರ. ಸಂಜೆ

ಬಂದಳು. ಯಾವಾಗಲೂ ಹಿತ್ತಿಲಿಂದ ಬರೋಳು, ಮುಂಬಾಗಿಲಿಂದ ಬಂದಳು. ಒಂದು ಕೈಯಲ್ಲಿ ಕುಡುಗೋಲು, ಇನ್ನೊಂದು ಕೈಯಲ್ಲಿ ತಕ್ಕಡಿ. ಕೊಕ್ಕೆಗೆ ನೇತು ಹಾಕೋದು, ನಂಬರ್ ಬರೋದು. ಹೊಸದು, ಪ್ಲಾಸ್ಟಿಕ್ ಕವರ್ ಇನ್ನೂ ಕಿತ್ತಿರಲಿಲ್ಲ.

ಅದನ್ನು ನೋಡಿದ ಮೇಲೂ ಹೇಳಿದೆ. ಕೊಯ್ಕೊಂಡು ಹೋಗೇ, ನಾನು ತೂಗಲ್ಲ, ಮುಯ್ಯಿ ಅಂದೆ. ಎರಡು ದಿನ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು. ಅವಳ ಮುಖದಲ್ಲಿ ಏನೂ ಆಗಲಿಲ್ಲ.

“ಬ್ಯಾಡಕ್ಕ. ಇವತ್ತಿನ ರೇಟು ಏನೈತೋ ಅದನ್ನ ಕೊಡ್ತೀನಿ. ಒಂದು ಕಾಸು ಜಾಸ್ತಿ ಇಲ್ಲ, ಕಮ್ಮಿ ಇಲ್ಲ. ಆಮ್ಯಾಲೆ ಒಬ್ರಿಗೊಬ್ರು ಏನೂ ಅನ್ಕಳಂಗಿರ್ಬಾರ್ದು.”

ಇಬ್ಬರೂ ಕೊಯ್ದೆವು. ಅವಳೊಂದು ಸಾಲು, ನಾನೊಂದು ಸಾಲು. ಅಪ್ಪ ನೆಟ್ಟ ಗಿಡ, ಇದೇ ಕೊನೇ ಕೊಯ್ಲು, ಅವಳಿಗೆ ಜೆಸಿಬಿ ವಿಷಯ ಗೊತ್ತಿತ್ತೋ ಇಲ್ಲವೋ. ನಾನು ಹೇಳಲಿಲ್ಲ. ಅವಳು ಕಟ್ಟಿದ ಹೊರೆಗೂ ಅವ್ವನ ಗಂಟು, ನಾನು ಕಟ್ಟಿದ್ದಕ್ಕೂ ಅದೇ. ಯಾರದ್ದು ಯಾವುದು ಅಂತ ಆಮೇಲೆ ನನಗೇ ಗೊತ್ತಾಗಲಿಲ್ಲ.

ಬೇವಿನ ಕೊಂಬೆಗೆ ತಕ್ಕಡಿ ನೇತು ಹಾಕಿದಳು. ಒಂದೊಂದೇ ಹೊರೆ ಎತ್ತಿದೆವು. ಹೊರೆಗೆ ಮೂವತ್ತು ಕೆಜಿ ಲೆಕ್ಕ. ಕೊನೇ ಹೊರೆ ತೂಗಿದಾಗ ಮೂವತ್ತು ದಾಟಿ ಮೇಲೆ ಚೂರು ತೋರಿಸಿತು. ರಾಧಾ ನಂಬರ್ ನೋಡಿದಳು. ಹೊರೆಗೆ ಕೈ ಹಾಕಿ ಒಂದು ಹಿಡಿ ಸೊಪ್ಪು ಎಳೆದು ಬದುವಿನ ಮೇಲೆ ಇಟ್ಟಳು. ಮತ್ತೆ ನೋಡಿದಳು. ಸರಿಯಾಗಿ ಮೂವತ್ತು. ದುಡ್ಡು ಎಣಿಸಿ ನನ್ನ ಕೈಗೆ ಕೊಟ್ಟಳು. ನಾನು ತಗೊಂಡೆ. ಯಾಕೆ ತಗೊಂಡೆ. ಮುಖಕ್ಕೆ ಎಸೆಯಬೇಕಿತ್ತು.

ನಾಗರಾಜು ಗಾಡಿ ತಂದು ಹೊರೆ ಹೇರಿದ. ಹೋದರು. ಬತ್ತೀನಿ ಕಣಕ್ಕ ಅಂದಳಾ, ಅನ್ನಲಿಲ್ಲವಾ, ಗಾಡಿ ಸದ್ದಿಗೆ ಕೇಳಲಿಲ್ಲ.

ಬದುವಿನ ಮೇಲಿದ್ದ ಆ ಹಿಡಿ ಸೊಪ್ಪನ್ನು ಸೆರಗಿನಲ್ಲಿ ಹಾಕಿಕೊಂಡು ಬಂದೆ. ಹುಳದ ಮನೆ ಖಾಲಿ, ಹಾಕೋಕೆ ಹುಳವಿಲ್ಲ. ಕಿಟಕಿಯಲ್ಲಿ ಇಟ್ಟೆ. ಆಗಲೇ ಅಂಚು ಬಾಡಿದೆ. ಅತ್ತೆ ಆಡು ಕಟ್ಟಿ ಬಂದರು, ಇದೇನೇ ಒಂದು ಹಿಡಿ, ಆಡಿಗಾದರೂ ಹಾಕ್ಲಾ ಅಂದರು. ಬೇಡ ಅಂದೆ. ಯಾಕೆ ಅಂದರು.

ಬೇಡ ಅತ್ತೆ, ಅದು ರಾಧಾ ತೂಗದೆ ಬಿಟ್ಟು ಹೋದ ಸೊಪ್ಪು, ಅಂದೆ.